ಮೂರನೇ ಆಲ್ಬಮ್ಮಿನ ಕೊನೆಯ ಹಾಡು

ಆ ಬ್ಯಾಂಡಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಈಗಲೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತೇನೆ. ಕೇಳದಿದ್ದರೂ ಮಾತಾಡುತ್ತೀರಿ ಎಂದು ನನ್ನ ಹೆಂಡತಿ ತಿದ್ದುತ್ತಾಳೆ. ಅಮೆರಿಕದ ನಟ್ಟನಡುವಿನ ಯಾವುದೋ ಚಳಿಯೂರಿನ ನಾಲ್ಕು ಜನ. ಎರಡು ಗಿಟಾರು, ಒಂದು ಬೇಸ್ ಗಿಟಾರು, ಒಂದು ಡ್ರಮ್ಸು. ಅಂಗಡಿಗಳಲ್ಲಿ ಆಲ್ಟರ್ನೇಟಿವ್ ರಾಕ್ ಎಂಬ ಹಲಗೆಯ ಕೆಳಗೆ ಇಡುತ್ತಿದ್ದರು. ದೊಡ್ಡ ಹೆಸರೇನಲ್ಲ. ಏಳು ಆಲ್ಬಮ್ ಮಾಡಿದರು, ಒಂದೇ ಒಂದು ಹಾಡು ರೇಡಿಯೊದಲ್ಲಿ ಚೆನ್ನಾಗಿ ಓಡಿತು, ಆ ಹಾಡು ನನಗೆ ಇಷ್ಟವಿಲ್ಲ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಹಾಸ್ಟೆಲ್ಲಿನ ಸೀನಿಯರ್ ಒಬ್ಬ ಅವರ ಮೊದಲ ಮೂರು ಆಲ್ಬಮ್ಮುಗಳನ್ನು ಎರಡು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ. ಹಾಡುಗಳ ಹೆಸರು ಬರೆದಿರಲಿಲ್ಲ. ಹಾಗಾಗಿ ನನಗೆ ಅವೆಲ್ಲ ನಂಬರಿನಿಂದಲೇ ಗೊತ್ತು: ಎರಡನೆಯದರ ನಾಲ್ಕು, ಮೂರನೆಯದರ ಆರು, ಹೀಗೆ. ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಸು ಪಕ್ಕದ ಮನೆಯಲ್ಲಿ ಯಾರೋ ಬಕೆಟ್ ಬಡಿದಂತೆ ಕೇಳುತ್ತದೆ. ಎರಡನೆಯದು ಪೂರ್ತಿ ಸಿಟ್ಟು. ಮೂರನೆಯದು ತಣ್ಣಗಿನದು, ಅದು ಬಂದಾಗ ಇವರ ಕಥೆ ಮುಗಿಯಿತು ಎಂದು ಅಭಿಮಾನಿಗಳೇ ಬೈದರಂತೆ. ನನಗೆ ಅದೇ ಪ್ರಾಣ. ಟೇಪಿನಲ್ಲಿ ಜಾಗ ಸಾಲದೆ ಆ ಸೀನಿಯರ್ ಅದರ ಕೊನೆಯ ಹಾಡನ್ನು ಬಿಟ್ಟುಬಿಟ್ಟಿದ್ದ. ಅಂಥದೊಂದು ಹಾಡಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಇಂಗ್ಲೆಂಡಿಗೆ ಬಂದ ಎರಡನೇ ವರ್ಷ ಮ್ಯಾಂಚೆಸ್ಟರಿನಲ್ಲಿ ಹಳೆಯ ಸಿ.ಡಿ. ಮಾರುವ ಅಂಗಡಿಯೊಂದರಲ್ಲಿ ಆ ಆಲ್ಬಮ್ ಸಿಕ್ಕಿತು. ಹಿಂಬದಿ ತಿರುಗಿಸಿ ನೋಡಿದರೆ ಹತ್ತು ಹಾಡು. ಅಷ್ಟು ವರ್ಷ ನಾನು ಒಂಬತ್ತನ್ನೇ ಪೂರ್ತಿ ಎಂದುಕೊಂಡು ಜಂಬ ಕೊಚ್ಚಿಕೊಂಡಿದ್ದೆ.

ಆ ಹತ್ತನೆಯ ಹಾಡಿನಲ್ಲಿ ಒಬ್ಬ ಅಪ್ಪ, ಒಂದು ಮಗು ಇದ್ದಾರೆ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಶನಿವಾರ ಭಾನುವಾರ ಅಪ್ಪನ ಜೊತೆ ಕಳೆದ ಮಗು ಈಗ ಅಮ್ಮನ ಊರಿನ ಬಸ್ಸಿಗೆ ಕಾಯುತ್ತಿದೆ. ಹೊರಗೆ ಹಿಮ ಬೀಳುತ್ತಿದೆ, ಇಬ್ಬರೂ ಹೀಟರ್ ಹಾಕಿಕೊಂಡು ಕಾರಿನಲ್ಲಿ ಕೂತಿದ್ದಾರೆ. ಹೇಳಬೇಕಾದ್ದನ್ನು ಯಾರೂ ಹೇಳುವುದಿಲ್ಲ. ನಾಲ್ಕು ನಿಮಿಷ, ಒಂದೇ ಗಿಟಾರು, ಡ್ರಮ್ಸ್ ಇಲ್ಲವೇ ಇಲ್ಲ. ಮೊದಲ ಸಲ ಕೇಳಿದಾಗ ನನಗೆ ಮದುವೆಯೂ ಆಗಿರಲಿಲ್ಲ, ಆದರೂ ಮುಗಿದ ಕೂಡಲೇ ಅದನ್ನೇ ಮತ್ತೆ ಮೊದಲಿನಿಂದ ಹಾಕಿದೆ.

ನಾನು ಕೆಲಸ ಮಾಡುವುದು ಮ್ಯಾಂಚೆಸ್ಟರಿನ ಹತ್ತಿರದ ಬರ್ಚ್‌ವುಡ್‌ನಲ್ಲಿ, ಅಣು ಸ್ಥಾವರಗಳಿಗೆ ಪೈಪು ಪಂಪುಗಳ ವಿನ್ಯಾಸ ಮಾಡಿಕೊಡುವ ಒಂದು ಆಫೀಸಿನಲ್ಲಿ. ನಾನು ಅಲ್ಲಿ ಚೆಕರ್. ಬೇರೆಯವರು ಮಾಡಿದ ಡ್ರಾಯಿಂಗು, ಲೆಕ್ಕಾಚಾರಗಳನ್ನು ಸಾಲು ಸಾಲಾಗಿ ನೋಡಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಚೆಕರ್ ತಪ್ಪನ್ನು ತಾನೇ ತಿದ್ದುವಂತಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಹಾಕಿ ಬರೆದವರಿಗೇ ವಾಪಸ್ ಕಳಿಸಬೇಕು. ಯಾಕೆಂದರೆ ನಮಗೆ ತಪ್ಪೆಂದು ಕಂಡದ್ದು ತಪ್ಪೇ ಆಗಿರಬೇಕೆಂದಿಲ್ಲ, ನಮಗೆ ಗೊತ್ತಿಲ್ಲದ್ದು ಬರೆದವರಿಗೆ ಗೊತ್ತಿರಬಹುದು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುವವನು ನಾನು. ಎಷ್ಟು ಗಂಭೀರವಾಗಿ ಹೇಳುತ್ತೇನೆಂದರೆ ಕೆಲವರು ನೋಟ್ಸ್ ಬರೆದುಕೊಳ್ಳುತ್ತಾರೆ.

ನಮಗೆ ಒಬ್ಬಳೇ ಮಗಳು. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇಲ್ಲಿನ ಎಲ್ಲ ಮನೆಗಳಲ್ಲೂ ಹೀಗೆಯೇ, ಆದರೆ ನನಗೆ ಅದು ಚುಚ್ಚುತ್ತಿತ್ತು. ಅವಳಿಗೆ ಹನ್ನೆರಡು ತುಂಬಿದಾಗ ಮ್ಯಾಕಲ್ಸ್‌ಫೀಲ್ಡ್‌ನ ಡಾಕ್ಟರಮ್ಮನ ಮನೆಗೆ ಕನ್ನಡ ಪಾಠಕ್ಕೆ ಸೇರಿಸಿದೆ. ಅವರು ಧಾರವಾಡದವರು, ಮೂವತ್ತು ವರ್ಷ ಜಿ.ಪಿ., ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಆಗಿದ್ದು ನಿವೃತ್ತರಾದವರು. ಶನಿವಾರ ಬೆಳಿಗ್ಗೆ ಏಳೆಂಟು ಮಕ್ಕಳನ್ನು ಡೈನಿಂಗ್ ಟೇಬಲ್ಲಿನ ಸುತ್ತ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಹೆಂಡತಿಗೆ ಶನಿವಾರ ಲ್ಯಾಬಿನಲ್ಲಿ ಶಿಫ್ಟು. ಹಾಗಾಗಿ ಮಗಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನ್ನದು.

ವಾರಿಂಗ್‌ಟನ್ನಿನ ನಮ್ಮ ಮನೆಯಿಂದ ನಟ್ಸ್‌ಫರ್ಡ್ ದಾಟಿ ಅವರ ಮನೆಗೆ ಮುಕ್ಕಾಲು ಗಂಟೆ. ಸರಿಯಾಗಿ ಒಂದು ಆಲ್ಬಮ್. ಹೋಗುವಾಗ ಒಂದು, ಬರುವಾಗ ಒಂದು. ಮೊದಮೊದಲು ಅವಳು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ದಿನ ಎರಡನೇ ಆಲ್ಬಮ್ಮಿನ ಒಂದು ಹಾಡನ್ನು ನಾನು ಹಾರಿಸಲು ಹೋದಾಗ ಕೈ ಹಿಡಿದಳು. ಆಮೇಲೆ ನಿಯಮಗಳಾದವು. ಯಾವ ಹಾಡನ್ನೂ ಹಾರಿಸಬಾರದು. ಹಿಂದುಮುಂದು ಮಾಡಬಾರದು. ಹಾಡು ನಡೆಯುವಾಗ ಅಪ್ಪ ಜೊತೆಗೂಡಿ ಹಾಡಬಾರದು. ಕೊನೆಯದು ಅವಳು ಮಾಡಿದ ನಿಯಮ.

ನಾವು ಜಗಳವಾಡುತ್ತಿದ್ದುದು ನಾಲ್ಕನೆಯ ಆಲ್ಬಮ್ಮಿನ ಮೇಲೆ. ಅದರಲ್ಲಿ ಅವರು ಗಿಟಾರು ಬಿಟ್ಟು ಕೀಬೋರ್ಡು ಹಿಡಿದು ಏನೇನೋ ಮಾಡಿದ್ದಾರೆ. ಲಿಫ್ಟ್ ಕೆಟ್ಟುನಿಂತ ಹಾಗಿದೆ ಎಂದು ನಾನು. ಅದೇ ಅವರ ಅತ್ಯುತ್ತಮ ಆಲ್ಬಮ್ ಎಂದು ಅವಳು. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ, ನಟ್ಸ್‌ಫರ್ಡಿನ ಟ್ರಾಫಿಕ್ಕಿನಲ್ಲಿ ಕೂತು ಕೂಗಾಡುತ್ತಿದ್ದೆವು. ನನ್ನ ಬದುಕಿನ ಅತಿ ಸುಖದ ಗಂಟೆಗಳು ಯಾವುವು ಎಂದರೆ ಇವೇ ಎನ್ನುತ್ತೇನೆ. ಆಗ ಅದು ಗೊತ್ತಿರಲಿಲ್ಲ, ಪೆಟ್ರೋಲ್ ಹಾಕಿಸಬೇಕು, ಹಾಲು ತರಬೇಕು ಎಂದು ಯೋಚಿಸುತ್ತಿದ್ದೆ.

ಮೂರನೆಯದರ ಹತ್ತನೆಯ ಹಾಡನ್ನು ಅಷ್ಟು ವರ್ಷ ಕೇಳದೆ ಇದ್ದ ಕಥೆಯನ್ನು ಅವಳಿಗೆ ಹೇಳಿದೆ. ಇನ್ನೊಂದು ಸಲ ಹೇಳು ಎಂದಳು. ಆ ವರ್ಷ ಶಾಲೆಯಲ್ಲಿ ಗಿಟಾರು ಕಲಿಯುತ್ತಿದ್ದಳು. ಕೆಲವು ವಾರಗಳ ನಂತರ ಅವಳ ಕೋಣೆಯಿಂದ ಆ ಹಾಡಿನ ಗಿಟಾರು ಕೇಳಿಸಿತು, ತಡವರಿಸಿಕೊಂಡು, ತಂತಿಗಳ ಮೇಲೆ ಅದೇ ನಾಲ್ಕು ಹಿಡಿತ ಮತ್ತೆ ಮತ್ತೆ. ನಾನು ಬಾಗಿಲ ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು.

ಅದೇ ಹೊತ್ತಿಗೆ ಡಾಕ್ಟರಮ್ಮನ ಮನೆಯಿಂದ ಅವಳು ಹೊರಗೆ ಬರುವುದು ತಡವಾಗತೊಡಗಿತು. ಉಳಿದ ಮಕ್ಕಳೆಲ್ಲ ಹೋದರೂ ಇವಳು ಒಳಗೇ. ಹತ್ತು ನಿಮಿಷ, ಕಾಲು ಗಂಟೆ, ಒಮ್ಮೆ ಅರ್ಧ ಗಂಟೆ. ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ, ಅದಕ್ಕೇ ಉಳಿಸಿಕೊಂಡಿದ್ದಾರೆ ಎಂದುಕೊಂಡೆ. ಕಾರಿನಲ್ಲಿ ಕೂತು ಬ್ಯಾಂಡಿನ ಹಾಡು ಕೇಳುತ್ತಾ ತಾಳ್ಮೆ ಕೆಟ್ಟು ಹಾರ್ನ್ ಹೊಡೆಯುತ್ತಿದ್ದೆ. ಅವಳು ಕಾಗದವೊಂದನ್ನು ಮಡಚಿ ಜೇಬಿಗೆ ತುರುಕಿಕೊಳ್ಳುತ್ತಾ ಓಡಿ ಬರುತ್ತಿದ್ದಳು. ಏನದು ಎಂದು ಒಂದು ದಿನವೂ ಕೇಳಲಿಲ್ಲ.

ಆ ವರ್ಷ ನಾನು ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಹಿಂದಿನ ವರ್ಷದ ಯುಗಾದಿಯಲ್ಲಿ ಒಂದರ ಹಿಂದೆ ಒಂದು ಹಿಂದಿ ಸಿನಿಮಾ ಕುಣಿತವೇ ಆಗಿ ದೊಡ್ಡ ರಂಪವಾಗಿತ್ತು. ಇನ್ನು ಮುಂದೆ ವೇದಿಕೆಯ ಮೇಲೆ ಕನ್ನಡ ಮಾತ್ರ ಎಂಬ ನಿಯಮ ತಂದವನು ನಾನೇ. ಅದಕ್ಕೆ ಒಂದು ಫಾರ್ಮನ್ನೂ ಮಾಡಿದೆ. ಹೆಸರು, ವಯಸ್ಸು, ಕಾರ್ಯಕ್ರಮ, ಭಾಷೆ, ಎಷ್ಟು ನಿಮಿಷ. ಅಣು ಸ್ಥಾವರದವನು ಫಾರ್ಮ್ ಮಾಡಿದರೆ ಹೀಗೇ ಇರುತ್ತದೆ ಎಂದು ಅಧ್ಯಕ್ಷರು ನಕ್ಕಿದ್ದರು. ಆಮೇಲೆ ಎಲ್ಲ ಸಂಘಗಳ ಸಂಕಟ ಇದ್ದೇ ಇದೆಯಲ್ಲ: ಕಾರ್ಯದರ್ಶಿಯ ಮಕ್ಕಳಿಗೆ ಮೈಕು ಮೊದಲು ಸಿಗುತ್ತದೆ ಎಂಬ ಪಿಸುಮಾತು. ನನ್ನ ಮೇಲೆ ಅಂಥ ಮಾತು ಬರಬಾರದೆಂದು ನಾನು ಮೊದಲೇ ಹಟ ತೊಟ್ಟಿದ್ದೆ.

ಡಾಕ್ಟರಮ್ಮ ರಜೆಗೆಂದು ಧಾರವಾಡಕ್ಕೆ ಹೊರಡುವ ಮುಂಚಿನ ಶನಿವಾರ ಮಕ್ಕಳಿಂದ ಆ ವರ್ಷದ ಯುಗಾದಿಯ ಫಾರ್ಮುಗಳನ್ನು ತುಂಬಿಸಿ ಒಂದು ಕವರಿನಲ್ಲಿ ಹಾಕಿ ನನಗೆ ಕೊಟ್ಟರು. ಮಾರನೆಯ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾ ಹೋದೆ. ಮಧ್ಯದಲ್ಲಿ ಮಗಳದ್ದು ಬಂತು. ಕಾರ್ಯಕ್ರಮ ಎಂಬಲ್ಲಿ ಆ ಹತ್ತನೆಯ ಹಾಡಿನ ಹೆಸರು, ಇಂಗ್ಲಿಷಿನಲ್ಲಿ. ನಾಲ್ಕು ನಿಮಿಷ. ಭಾಷೆ ಎಂಬಲ್ಲಿ ಕನ್ನಡ ಎಂದು ಬರೆದಿದ್ದಳು, ಕನ್ನಡ ಲಿಪಿಯಲ್ಲಿ, ಒತ್ತಕ್ಷರವಿಲ್ಲದ ಮೂರು ಅಕ್ಷರ ಬರೆದ ಮೇಲೆ ನೆನಪಾಗಿ ಆಮೇಲೆ ಒತ್ತು ಸೇರಿಸಿದ ಹಾಗೆ.

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಅಮೆರಿಕದ ಹಾಡು, ಭಾಷೆ ಕನ್ನಡವಂತೆ. ಒಂದೋ ಗಮನವಿಲ್ಲದೆ ಬರೆದಿದ್ದಾಳೆ, ಇಲ್ಲವೇ ನನ್ನ ನಿಯಮದಿಂದ ನುಣುಚಿಕೊಳ್ಳಲು ಜಾಣತನ ತೋರಿಸಿದ್ದಾಳೆ. ಅವಳು ಮಹಡಿಯ ಮೇಲೆ ತನ್ನ ಕೋಣೆಯಲ್ಲಿದ್ದಳು. ಹದಿಮೂರು ಮೆಟ್ಟಿಲು ಹತ್ತಿ ಕೇಳಬಹುದಿತ್ತು. ಕೆಳಗಿನಿಂದ ಕೂಗಿ ಕೇಳಬಹುದಿತ್ತು. ಆಫೀಸಿನಲ್ಲಿ ಒಂದು ಬೋಲ್ಟಿನ ಅಳತೆಯ ಮೇಲೆ ಅನುಮಾನ ಬಂದರೆ ಬರೆದವರಿಗೆ ವಾಪಸ್ ಕಳಿಸುವ ನಾನು ಪೆನ್ ತೆಗೆದುಕೊಂಡು ಕನ್ನಡ ಎಂಬುದನ್ನು ಹೊಡೆದು, ಮೇಲೆ ಇಂಗ್ಲಿಷ್ ಎಂದು ಬರೆದು, ಪಕ್ಕದಲ್ಲಿ ನನ್ನ ಇನಿಷಿಯಲ್ಸ್ ಹಾಕಿದೆ. ಅಭ್ಯಾಸಬಲ. ಆಮೇಲೆ ಆ ಹಾಳೆಯನ್ನು ತಿರಸ್ಕೃತ ಎಂಬ ಫೈಲಿಗೆ ಸೇರಿಸಿದೆ.

ಸಮಿತಿಯ ಸಭೆಯಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿದೆ. ‘ನಿಯಮ ಅಂದ್ರೆ ನಿಯಮ. ನನ್ನ ಮಗಳದ್ದನ್ನೇ ಮೊದಲು ತೆಗೆದಿದೀನಿ’ ಎಂದೆ. ಅಧ್ಯಕ್ಷರು ಬೆನ್ನು ತಟ್ಟಿದರು. ಅದಾದ ಮೇಲೆ ಬೇರೆಯವರ ಹಿಂದಿ ಕುಣಿತಗಳನ್ನು ಕತ್ತರಿಸುವುದು ಸುಲಭವಾಯಿತು, ಯಾರೂ ಚಕಾರವೆತ್ತಲಿಲ್ಲ. ಮನೆಗೆ ಬರುವಾಗ ನಾನು ಎಷ್ಟು ನ್ಯಾಯವಂತ ಎಂದು ನನಗೇ ಹೆಮ್ಮೆ.

ಮಗಳಿಗೆ ಮಾತ್ರ ಸತ್ಯ ಹೇಳಲಿಲ್ಲ. ‘ಕಮಿಟಿಯವರು ಒಪ್ಪಲಿಲ್ಲ ಪುಟ್ಟಾ. ಇಂಗ್ಲಿಷ್ ಹಾಡು ಬೇಡ ಅಂದ್ರು. ನಾನೇನು ಮಾಡ್ಲಿ?’ ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

‘ಓಕೆ’ ಎಂದಳು.

ಇಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂದು ನನಗೆ ನಿರಾಳವಾಯಿತು. ಯುಗಾದಿಯ ದಿನ ಮ್ಯಾಂಚೆಸ್ಟರಿನ ಒಂದು ಶಾಲೆಯ ಹಾಲ್‌ನಲ್ಲಿ ಬೆಳಿಗ್ಗೆಯಿಂದ ಕಾರ್ಯಕ್ರಮ. ಗುಂಪು ನೃತ್ಯ, ಏಕಪಾತ್ರಾಭಿನಯ, ಮೂರು ವರ್ಷದ ಮಗುವೊಂದು ಅಳುತ್ತಲೇ ಹೇಳಿದ ಶಿಶುಗೀತೆ. ಎಲ್ಲ ಕನ್ನಡ. ಮಗಳು ಹಿಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ಚಪ್ಪಾಳೆ ತಟ್ಟಿದಳು. ಒಬ್ಬಟ್ಟು ಬಡಿಸಲು ಅಮ್ಮನಿಗೆ ನೆರವಾದಳು. ಎಷ್ಟು ಚೆನ್ನಾಗಿ ನಡೆಯಿತು ಎಂದು ಎಲ್ಲರೂ ನನ್ನ ಕೈಕುಲುಕಿದರು.

ಡಾಕ್ಟರಮ್ಮ ಊರಿನಿಂದ ವಾಪಸಾದದ್ದು ಮೂರು ವಾರ ಕಳೆದ ಮೇಲೆ. ಪಾಠ ಮತ್ತೆ ಶುರುವಾದ ಶನಿವಾರ ಅವರು ಚಪ್ಪಲಿ ಮೆಟ್ಟಿಕೊಂಡು ನನ್ನ ಕಾರಿನ ತನಕ ಬಂದರು. ಮಗಳು ಆಗಲೇ ಒಳಗೆ ಹೋಗಿದ್ದಳು.

‘ಏನ್ರೀ, ಹುಡುಗಿ ಹಾಡು ಹ್ಯಾಂಗಾತು? ವಿಡಿಯೋ ಮಾಡೀರಿಲ್ಲೋ? ತೋರಸ್ರಿ ನನಗ’ ಎಂದರು.

‘ಯಾವ ಹಾಡು ಮೇಡಂ?’

‘ಯಾವ ಹಾಡು ಅಂತೀರಲ್ಲ! ಬಸ್ಸಿನ ಹಾಡ್ರೀ. ಆ ನಿಮ್ಮ ಇಂಗ್ಲಿಷ್ ಹಾಡಿಗೆ ಪೂರಾ ಕನ್ನಡ ಕಟ್ಯಾಳಲ್ಲ ಆಕಿ. ಏಳು ಶನಿವಾರ ಕುಂತು ಮಾಡ್ಯಾಳ. ನಾ ಬರೇ ಕೇಳಿದ ಶಬ್ದ ಹೇಳಿಕೊಟ್ಟೇನಿ, ಕಟ್ಟಿದಾಕಿ ಆಕೀನೇ. ಅಪ್ಪಗ ಸ್ಟೇಜ್ ಮ್ಯಾಲೇ ಗೊತ್ತಾಗ್ಲಿ, ಹೇಳಬ್ಯಾಡ್ರಿ ಅಂತ ನನ್ನ ಕಡೆ ಆಣಿ ತಗೊಂಡಿದ್ಲು.’

ಸಮಯ ಸಾಲಲಿಲ್ಲ ಎಂದೋ ಏನೋ ನಾನು ಒಂದು ಹೇಳಿದೆ. ಅವರು ‘ಅಯ್ಯ’ ಎಂದು ನಿಂತರು. ಬಡಪಾಯಿ ಹುಡುಗಿ ಹೇಗೆ ತಡೆದುಕೊಂಡಳು ಎನ್ನುವಂತೆ ಬಾಗಿಲ ಕಡೆ ನೋಡಿ ಒಳಗೆ ಹೋದರು. ಕಾರಿನಲ್ಲಿ ಕೂತೆ. ಹಾಡು ಹಾಕುವ ಧೈರ್ಯ ಬರಲಿಲ್ಲ. ಇದೇ ಜಾಗದಲ್ಲಿ ಕೂತು ನಾನು ಏಳು ಶನಿವಾರ ಹಾರ್ನ್ ಹೊಡೆದಿದ್ದೆ, ಒಳಗೆ ಅವಳು ಅದೇ ಹಾಡಿನ ಒಂದೊಂದು ಪದಕ್ಕೆ ಕನ್ನಡ ಹುಡುಕುತ್ತಿದ್ದಳು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

‘ಒಂದು ಮಾತು ಕೇಳ್ಬಾರ್ದಿತ್ತಾ ರೀ ಅವಳನ್ನ? ಒಂದೇ ಒಂದು ಮಾತು. ಈಗ್ಲಾದ್ರೂ ಹೋಗಿ ಹೇಳಿ, ನಾನೇ ಹೊಡೆದು ಹಾಕಿದ್ದು ಅಂತ’ ಎಂದಳು.

ಹೇಳಲು ಹೋದೆ. ನಿಜವಾಗಿಯೂ ಹೇಳಬೇಕೆಂದೇ ಹೋದೆ. ಆದರೆ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಅವಳ ಮುಂದೆ ನಿಂತಾಗ ಬಾಯಿಗೆ ಬಂದದ್ದೇ ಬೇರೆ. ಡಾಕ್ಟರಮ್ಮ ಹೇಳಿದರು, ನೀನು ಕನ್ನಡದಲ್ಲಿ ಬರೆದಿದ್ದೀಯಂತೆ ಎಂದೆ. ಅವಳು ತಲೆ ಎತ್ತಲಿಲ್ಲ.

‘ಕಮಿಟಿಯವರ ಹತ್ರ ನಾನು ಜಗಳ ಮಾಡಿ ಒಪ್ಪಿಸಿದೀನಿ. ದೀಪಾವಳಿಗೆ ನಿನ್ನ ಹಾಡೇ ಮೊದಲನೇದು’ ಎಂದೆ.

ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು. ಅದರಲ್ಲೂ ನನ್ನನ್ನೇ ಶೂರನಾಗಿ ಮಾಡಿಕೊಂಡ ಸುಳ್ಳು. ‘ನೋ ಥ್ಯಾಂಕ್ಸ್, ಅಪ್ಪ’ ಎಂದು ಅವಳು ಪುಟ ತಿರುಗಿಸಿದಳು. ನಾಚಿಕೆಗೆ ಹಾಗೆ ಹೇಳುತ್ತಾಳೆ ಎಂದುಕೊಂಡು ಅವಳನ್ನು ಕೇಳದೆಯೇ ದೀಪಾವಳಿಯ ಪಟ್ಟಿಯಲ್ಲಿ ಅವಳ ಹೆಸರು ಹಾಕಿ ಎಲ್ಲರಿಗೂ ಕಳಿಸಿಬಿಟ್ಟೆ. ಆ ದಿನ ಬೆಳಿಗ್ಗೆ ನಾವು ಸಿದ್ಧರಾಗಿ ಬಾಗಿಲಲ್ಲಿ ನಿಂತರೂ ಅವಳು ಕೋಣೆಯಿಂದ ಇಳಿಯಲಿಲ್ಲ. ಜನ ಏನನ್ನುತ್ತಾರೆ ಎಂದು ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ. ಯಾವಾಗಲೂ ಕೂಗುವುದು ನನಗೆ ಚೆನ್ನಾಗಿ ಬರುತ್ತದೆ. ಹೆಂಡತಿ ಅವಳ ಜೊತೆ ಮನೆಯಲ್ಲೇ ಉಳಿದಳು. ನಾನೊಬ್ಬನೇ ಹೋಗಿ ಮಗಳಿಗೆ ಜ್ವರ ಎಂದು ಮೈಕಿನಲ್ಲಿ ಹೇಳಿ ಮುಂದಿನ ಹುಡುಗಿಯ ಹೆಸರು ಕರೆದೆ.

ಆ ಚಳಿಗಾಲ ಅವಳು ಕನ್ನಡ ಪಾಠ ಬಿಟ್ಟಳು. ಶಾಲೆಯ ಪರೀಕ್ಷೆ ಹತ್ತಿರ ಬಂತು ಎಂಬ ಕಾರಣ ಕೊಟ್ಟಳು, ನಾವು ಒಪ್ಪಿದೆವು. ಪಾಠದ ಜೊತೆಗೆ ಶನಿವಾರದ ಪ್ರಯಾಣಗಳೂ ನಿಂತವು. ಬ್ಯಾಂಡಿನ ಏಳನೆಯ ಆಲ್ಬಮ್ ಮರುವರ್ಷ ಬಂತು. ನಾನು ಸಿ.ಡಿ. ತಂದು ಅವಳ ಮೇಜಿನ ಮೇಲಿಟ್ಟೆ. ಅವಳು ಆಗಲೇ ಫೋನಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಮುಗಿಸಿದ್ದಳು. ಹೇಗಿದೆ ಎಂದರೆ ಪರವಾಗಿಲ್ಲ ಎಂದು ಭುಜ ಹಾರಿಸಿದಳು. ಜಗಳಕ್ಕಾದರೂ ಬರಲಿ ಎಂದು ನಾನು ನಾಲ್ಕನೆಯದನ್ನೇ ಬೈದು ನೋಡಿದೆ. ನಕ್ಕು ಪುಸ್ತಕ ತೆರೆದಳು.

ಅವಳು ಕೆಟ್ಟ ಮಗಳಾದಳು ಎಂದು ಹೇಳುತ್ತಿಲ್ಲ. ಮನೆಯಲ್ಲಿ ಮಾತಿದೆ, ನಗುವಿದೆ, ನನ್ನ ಹುಟ್ಟುಹಬ್ಬಕ್ಕೆ ಕೇಕು ಮಾಡುತ್ತಾಳೆ. ಕನ್ನಡ ಮಾತ್ರ ಹೋಯಿತು. ಮೊದಲು ಅಲ್ಲೊಂದು ಇಲ್ಲೊಂದು ಪದ ಸೇರಿಸುತ್ತಿದ್ದವಳು ಅದನ್ನೂ ಬಿಟ್ಟಳು. ಇಲ್ಲಿ ಬೆಳೆದ ಮಕ್ಕಳು ಹಾಗೆಯೇ ಎಂದು ಸ್ನೇಹಿತರು ಸಮಾಧಾನ ಹೇಳುತ್ತಾರೆ. ಅವರ ಮುಂದೆ ಹೂಂಗುಟ್ಟುತ್ತೇನೆ. ನಮ್ಮ ಮನೆಯಲ್ಲಿ ಅದು ಹೇಗೆ ಹೋಯಿತೆಂದು ನನಗೆ ಗೊತ್ತು.

ಈಗ ಅವಳಿಗೆ ಇಪ್ಪತ್ತು. ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ, ಗೆಳತಿಯರ ಜೊತೆ ಸಾಲುಮನೆಯೊಂದರಲ್ಲಿದ್ದಾಳೆ. ಕಳೆದ ತಿಂಗಳು ವಾರಾಂತ್ಯಕ್ಕೆ ಮನೆಗೆ ಬಂದಿದ್ದಳು. ಭಾನುವಾರ ರೈಲುಗಳು ಓಡುತ್ತಿರಲಿಲ್ಲ. ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದೆ. ಎಂ62 ಹೆದ್ದಾರಿ ಹತ್ತಿ ಸ್ವಲ್ಪ ದೂರ ಹೋದ ಮೇಲೆ ಅವಳು ತನ್ನ ಫೋನನ್ನು ಕಾರಿಗೆ ಜೋಡಿಸಿ, ನನ್ನನ್ನು ಕೇಳದೆ, ಮೂರನೆಯ ಆಲ್ಬಮ್ ಹಾಕಿದಳು. ಮೊದಲ ಹಾಡಿನಿಂದ, ಕ್ರಮವಾಗಿ. ಬೆಟ್ಟದ ಮೇಲಿನ ಗಾಳಿಗೆ ಲಾರಿಗಳು ಓಲಾಡುತ್ತಿದ್ದವು. ನಾನು ಸ್ಟೀರಿಂಗ್ ಬಿಗಿಯಾಗಿ ಹಿಡಿದು ಹಾಡುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಅವಳ ಬೀದಿಗೆ ತಿರುಗಿದಾಗ ಹತ್ತನೆಯದು ಶುರುವಾಯಿತು. ಕಾರು ನಿಲ್ಲಿಸಿ ಬ್ಯಾಗ್ ಇಳಿಸಲು ಬಾಗಿಲು ತೆಗೆಯಹೋದೆ. ಅವಳು ಕೂತೇ ಇದ್ದಳು. ನಾನೂ ಕೂತೆ. ಹಾಡು ಮುಗಿಯಿತು. ಇನ್ನು ತಡೆಯಲಾಗಲಿಲ್ಲ.

‘ಆ ಸಲ ಯುಗಾದೀಲಿ ನಿನ್ನ ಹಾಡು ತೆಗೆದು ಹಾಕಿದ್ದು ಕಮಿಟಿಯವರಲ್ಲ ಪುಟ್ಟಾ. ನಾನೇ’ ಎಂದೆ.

‘ಐ ನೋ’ ಎಂದಳು.

ನಾನು ಅವಳ ಕಡೆ ತಿರುಗಿದೆ. ಅವಳು ಮುಂದಿನ ಗಾಜನ್ನು ನೋಡುತ್ತಾ ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದಳು. ನಾನು ಫಾರ್ಮು ತಿದ್ದಿದ ಆ ಭಾನುವಾರವೇ ನೀರು ಕುಡಿಯಲು ಕೆಳಗೆ ಬಂದಿದ್ದಳಂತೆ. ನಾನು ತೋಟದಲ್ಲಿದ್ದೆನಂತೆ. ಫೈಲು ಮೇಜಿನ ಮೇಲೆ ತೆರೆದೇ ಇತ್ತು. ಕನ್ನಡ ಎಂಬುದರ ಮೇಲೆ ಗೆರೆ, ಪಕ್ಕದಲ್ಲಿ ನನ್ನ ಇನಿಷಿಯಲ್ಸ್. ನಾನು ಸಮಿತಿಯ ಕಥೆ ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ದೀಪಾವಳಿಗೆ ಜಗಳ ಮಾಡಿ ಒಪ್ಪಿಸಿದೆ ಎಂದಾಗಲೂ ಗೊತ್ತಿತ್ತು.

‘ಯಾಕೆ ಹೇಳ್ಲಿಲ್ಲ ನಂಗೆ?’

‘ನೀನು ಕೇಳ್ತೀಯ ಅಂತ ಕಾದೆ’ ಎಂದಳು. ಅಷ್ಟನ್ನು ಕನ್ನಡದಲ್ಲೇ ಹೇಳಿದಳು.

ತಪ್ಪಾಯಿತು ಎಂದೆ. ಏಳು ವರ್ಷ ತಡವಾಗಿ, ಕಾರಿನ ಸ್ಟೀರಿಂಗಿಗೆ ಹೇಳುವಂತೆ ಹೇಳಿದೆ. ಅವಳು ನನ್ನ ತೋಳಿನ ಮೇಲೆ ಕೈ ಇಟ್ಟಳು. ಕ್ಷಮಿಸಿದ್ದಾಳೆ ಎಂದು ತಿಳಿಯಿತು. ಬಹುಶಃ ಎಂದೋ ಕ್ಷಮಿಸಿ ಮರೆತೂ ಇದ್ದಾಳೆ. ಅದರಿಂದ ನನಗೆ ಬರಬೇಕಾದಷ್ಟು ಸಮಾಧಾನ ಬರಲಿಲ್ಲ.

ಆ ಹಾಡನ್ನು ಈಗ ಹಾಡುತ್ತೀಯಾ ಎಂದು ಕೇಳಿದೆ. ಕಾಗದ ಇಲ್ಲ, ಅದನ್ನು ಆವತ್ತೇ ಹರಿದು ಹಾಕಿದೆ ಎಂದಳು. ಡಾಕ್ಟರಮ್ಮನಿಗೆ ನೆನಪಿರಬಹುದೇನೋ ಎಂದಳು. ಅವರನ್ನು ನಾನು ಎಂದೋ ಕೇಳಿ ಆಗಿತ್ತು. ಬಿಡಿ ಬಿಡಿ ಶಬ್ದ ಹೇಳಿಕೊಟ್ಟವರಿಗೆ ಹಾಡು ಎಲ್ಲಿ ನೆನಪಿರುತ್ತದೆ? ಮಗಳು ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಹುಡುಕಿದಳು. ಬೆರಳುಗಳು ತೊಡೆಯ ಮೇಲೆ ಗಿಟಾರಿನ ಹಿಡಿತಗಳನ್ನು ಹಿಡಿಯುತ್ತಿದ್ದವು. ಆಮೇಲೆ ಬಹಳ ಮೆಲ್ಲಗೆ ಹಾಡಿದಳು.

‘ಇನ್ನ ಒಂಚೂರು ಕುಂಡ್ರೂಣು, ಬಸ್ಸು ಬರೂತನಕಾ...’

ರಾಗಕ್ಕೆ ಒಂದಿಷ್ಟೂ ಎಡವದೆ ಕೂತಿತ್ತು. ಮುಂದಿನ ಸಾಲಿಗೆ ಬಾಯಿ ತೆರೆದಳು. ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. ಬರಲಿಲ್ಲ.

‘ಅಷ್ಟೇ ಅಪ್ಪ’ ಎಂದಳು.

ಅವಳು ಬ್ಯಾಗ್ ಎತ್ತಿಕೊಂಡು ಒಳಗೆ ಹೋದ ಮೇಲೆ ನಾನು ಆ ಸಾಲನ್ನು ಹೇಳಿಕೊಳ್ಳುತ್ತಾ ಕೂತೆ. ಕುಂಡ್ರೂಣು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅದು ಧಾರವಾಡದ ಮಾತು. ನನ್ನ ಮಗಳು ನನಗೋಸ್ಕರ ಕನ್ನಡದಲ್ಲಿ ಕಟ್ಟಿದ ಒಂದೇ ಒಂದು ಹಾಡಿನಲ್ಲಿ ನನಗೆ ಉಳಿದದ್ದು ಈ ಒಂದು ಸಾಲು, ಅದನ್ನೂ ಅವಳು ಕಲಿತದ್ದು ನನ್ನಿಂದಲ್ಲ.